ಸಮಾಧಾನದ ಬಿಲ್ಲೆ

ಬೆಟಗೇರಿ
ಗುರುವಾರ, ೧೦ ಅಕ್ಟೋಬರ್ ೨೦೨೪

ಪ್ರೀತಿಯ ಅನುರಾಧಾಗೆ,

ನಿನ್ನ ಸುಗುಣಾಳ ನಮಸ್ಕಾರ. ಇತ್ತ ನಾನು ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮ ಹೌದೋ ಅಲ್ಲವೋ ನನಗೇ ತಿಳಿಯದು. ಎದ್ದು ಓಡಾಡುತ್ತೇನೆ, ಹೊತ್ತಿಗೆ ಸರಿಯಾಗಿ ಏನೋ ಒಂದು ತಿನ್ನುತ್ತೇನೆ, ಪೇಪರ್ ಓದುತ್ತೇನೆ. ನಿನ್ನ ಮೊಣಕಾಲು ಹೇಗಿದೆ? ಆಪರೇಶನ್ ಆದವರು ಕೂಡಲೇ ಮೆಟ್ಟಿಲು ಹತ್ತಬಾರದಂತೆ. ನೀನು ಕಾಲೇಜಿನಲ್ಲೇ ಹೇಳಿದ ಮಾತು ಕೇಳಿದವಳಲ್ಲ, ಈಗ ಡಾಕ್ಟರ ಮಾತಾದರೂ ಕೇಳು.

ನಿನ್ನ ಮೂರೂ ಪತ್ರ ಕೈಸೇರಿವೆ. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಎಷ್ಟೋ ಸಲ ಕುಳಿತೆ. ‘ಪ್ರೀತಿಯ ಅನುರಾಧಾಗೆ’ ಎಂದು ಬರೆದು, ಮುಂದೇನು ಎಂದು ಹೊಳೆಯದೆ, ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿಟ್ಟೆ. ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನನಗೆ ಫೋನಿನಲ್ಲಿ ಹೇಳಲು ಬರುವುದಿಲ್ಲ. ಈ ಕಾಲದಲ್ಲೂ ಅಂಚೆಯವನಿಗೆ ಕೆಲಸ ಕೊಡುವವರು ನಾವಿಬ್ಬರೇ ಇರಬೇಕು.

ನಮ್ಮವರು ಹೋಗಿ ಐದು ತಿಂಗಳಾಗುತ್ತ ಬಂತು. ಮಣ್ಣಿಗೆ ಬರಲಾಗಲಿಲ್ಲವೆಂದು ನೀನು ಮೂರು ಪತ್ರದಲ್ಲೂ ನೊಂದುಕೊಂಡಿದ್ದೀಯ. ಬಂದಿದ್ದರೂ ನಾನು ನಿನ್ನ ಮುಖ ನೋಡುತ್ತಿದ್ದೆನೋ ಇಲ್ಲವೋ. ಅಂದು ನಳ ಬಂದಿತ್ತು. ಹೊಳೆಯ ನೀರು ನಿಮ್ಮ ಮುಂಡರಗಿ ಕಡೆಯಿಂದ ನಮ್ಮ ಓಣಿಗೆ ಬರುವಷ್ಟರಲ್ಲಿ ವಾರ ಮಗುಚಿರುತ್ತದೆ, ನಿನಗೆ ಗೊತ್ತೇ ಇದೆ. ಅವರನ್ನು ಪಡಸಾಲೆಯಲ್ಲಿ ಮಲಗಿಸಿ ಜನ ಕೂಡುತ್ತಿದ್ದರು, ಹಿತ್ತಲಲ್ಲಿ ನಳ ಸದ್ದು ಮಾಡಿತು. ನಾನು ಎದ್ದು ಹೋಗಿ ಕೊಡ ಹಚ್ಚಿದೆ. ತುಂಬಿತು, ತೆಗೆದೆ, ಇನ್ನೊಂದು ಹಚ್ಚಿದೆ. ಪಕ್ಕದ ಮನೆಯ ಅಂಬವ್ವ ಬಂದು ಕೈ ಹಿಡಿದಳು.

“ಅಕ್ಕಾ, ಬಿಡ್ರಿ. ನಾ ತುಂಬತೀನಿ.”

“ಬ್ಯಾರಲ್ ಒಂದು ಉಳದೈತಿ” ಎಂದೆ. ಅದನ್ನೂ ತುಂಬಿಸಿ, ಮುಚ್ಚಳ ಹಾಕಿಯೇ ಬಂದು ಅವರ ತಲೆಯ ಹತ್ತಿರ ಕುಳಿತೆ. ಜನ ಏನೆಂದುಕೊಂಡರೋ. ನನಗೆ ಆ ಹೊತ್ತಿಗೆ ಬ್ಯಾರಲ್ ಬರಿದಾಗಿ ಉಳಿಯಬಾರದೆಂಬುದೊಂದೇ ತಲೆಯಲ್ಲಿತ್ತು.

ಅಂದಿನಿಂದ ಇಂದಿನವರೆಗೆ ಅಳು ಬಂದಿಲ್ಲ. ಅಂಬವ್ವ ದಿನವೂ ಬಂದು ಕೂರುತ್ತಾಳೆ, “ಅಳ್ರಿ ಅಕ್ಕಾ, ಅತ್ತರ ಹಗರ ಆಕ್ಕೈತಿ” ಎನ್ನುತ್ತಾಳೆ. ಒಂದು ದಿನ ಉಳ್ಳಾಗಡ್ಡಿ ಹೆಚ್ಚುವಾಗ ಇವತ್ತಾದರೂ ಬಂದೀತು ಎಂದು ಕಾದೆ. ಕಣ್ಣು ಒದ್ದೆಯಾಗಲಿಲ್ಲ. ಈಳಿಗೆ ಮೊಂಡಾಗಿತ್ತೋ ನಾನೇ ಮೊಂಡಾಗಿದ್ದೆನೋ.

ಇವತ್ತು ಬರೆಯಲು ಕೂತದ್ದಕ್ಕೆ ಕಾರಣವಿದೆ. ನಿನ್ನೆ ದಾವೀದಪ್ಪ ಬಂದಿದ್ದರು. ನಮ್ಮ ಸಭೆಯ ಮುಖ್ಯ ಹಿರಿಯರು, ನಮ್ಮವರ ಬಾಲ್ಯದ ಗೆಳೆಯ. ಅವರು ಕೇಳಿದ್ದು ತಿಳಿಯಬೇಕಾದರೆ ಮೊದಲು ನಿನಗೆ ನಮ್ಮ ಸಭೆಯ ಕಟ್ಟಳೆ ತಿಳಿಯಬೇಕು. ನೀನು ಇದೇ ಓಣಿಯಲ್ಲಿ ಬೆಳೆದವಳು, ನಿಮ್ಮ ಮಗ್ಗದ ಸಪ್ಪಳದ ನಡುವೆಯೇ ನಾವು ಪ್ರಾರ್ಥನೆ ಮಾಡಿದವರು. ಆದರೂ ಒಳಗಿನದು ಒಳಗಿನವರಿಗೇ ಗೊತ್ತು. ಸ್ವಲ್ಪ ಪಾಠ ಮಾಡುತ್ತೇನೆ, ತಾಳಿಕೋ. ರಿಟೈರ್ ಆದರೂ ಚಟ ಬಿಟ್ಟಿಲ್ಲ.

ನಮ್ಮದು ಊರಿನ ದೊಡ್ಡ ಚರ್ಚಲ್ಲ, ಹಿಂದಿನ ಓಣಿಯ ಸಣ್ಣ ಸಭೆ. ಸಭೆಯಲ್ಲಿ ಒಂದು ಹಳೆಯ ಪುಸ್ತಕವಿದೆ, ಮಿಶನ್ ಕಾಲದ್ದು. ಮೊದಲ ಹಾಳೆ ಹರಿದು ಹೆಸರೂ ಉಳಿದಿಲ್ಲ. ಎಲ್ಲರೂ ಕೆಂಪು ರಟ್ಟಿನ ಪುಸ್ತಕ ಎನ್ನುತ್ತೇವೆ. ಪ್ರಶ್ನೆ, ಅದರ ಕೆಳಗೆ ಉತ್ತರ. ಮೊದಲರ್ಧ ಸಭೆಯನ್ನು ನಡೆಸುವ ಬಗೆ, ಉಳಿದರ್ಧ ಮನುಷ್ಯನಿಗೆ ರಕ್ಷಣೆ ಸಿಗುವ ಬಗೆ. ಮೊದಲರ್ಧ ಹೇಳುವುದಿಷ್ಟು: ಸಭೆಗೆ ದೊರೆಯಿಲ್ಲ, ಪೂಜಾರಿಯಿಲ್ಲ. ಜನ ಆರಿಸಿದ ಹಿರಿಯರು ಒಂದೇ ಬೆಂಚಿನ ಮೇಲೆ ಕುಳಿತು ಕೂಡಿ ತೀರ್ಮಾನಿಸಬೇಕು. ಬರೆದವರು ಯಾವ ದೇಶದವರೋ, ನಮ್ಮ ನೇಕಾರ ಮುತ್ತಜ್ಜಂದಿರಿಗಂತೂ ಆ ಮಾತು ಬಹಳ ಹಿಡಿಸಿರಬೇಕು. ಸಾವುಕಾರನ ಮುಂದೆ ನಿಂತೇ ಮಾತಾಡಿದವರು ಬೆಂಚಿನ ಮೇಲೆ ಕುಳಿತರಲ್ಲ. ಉಳಿದರ್ಧ ಹೇಳುವುದು: ಮನುಷ್ಯ ತನ್ನ ಒಳ್ಳೆಯತನದಿಂದ ಉಳಿಯುವುದಿಲ್ಲ, ಹಿರಿಯರ ಒಪ್ಪಿಗೆಯಿಂದಲೂ ಉಳಿಯುವುದಿಲ್ಲ, ಕೃಪೆಯಿಂದ ಮಾತ್ರ ಉಳಿಯುತ್ತಾನೆ.

ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ನಾವು ಗಂಡಹೆಂಡತಿ ಆ ಪುಸ್ತಕವನ್ನು ಹಂಚಿಕೊಂಡಿದ್ದೆವು. ಮೊದಲರ್ಧ ನನ್ನದು, ಉಳಿದರ್ಧ ಅವರದು. ಶಾಲೆ ನಡೆಸಿದವಳು ನಾನು; ನಿಯಮವಿಲ್ಲದೆ ನಾಲ್ಕು ಮಕ್ಕಳನ್ನೂ ಸಾಲಿನಲ್ಲಿ ನಿಲ್ಲಿಸಲಾಗದೆಂದು ಬಲ್ಲವಳು. ಅವರು ನೇಯ್ಗೆ ಮಾಸ್ತರು. ಹುಡುಗರು ನೂಲು ಹರಿದರೆ ಬೈಯದೆ ಪಕ್ಕದಲ್ಲಿ ಕುಳಿತು ಗಂಟು ಹಾಕಿ ಕೊಡುತ್ತಿದ್ದರು. ಅದಕ್ಕೇ ಅವರ ಕ್ಲಾಸಿನಲ್ಲಿ ಯಾವ ಹುಡುಗನೂ ನೇಯ್ಗೆ ಕಲಿಯಲಿಲ್ಲ. ಹಳೆಯ ಭಾಷೆ ಈಗಿನವರಿಗೆ ತಿಳಿಯದೆಂದು ಉಳಿದರ್ಧವನ್ನು ಇಂದಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತ ಕೂತಿದ್ದರು. ಅದರಲ್ಲೊಂದು ಉತ್ತರವನ್ನು ಮಾತ್ರ ತಿರುಗಿಸದೆ ಇದ್ದಂತೆಯೇ ಇಟ್ಟರು. ದಿನಕ್ಕೊಂದು ಸಲವಾದರೂ ಅದನ್ನು ಅನ್ನುತ್ತಿದ್ದರು: ‘ಹಿರಿಯರ ಕೈಯಲ್ಲಿರುವದು ಮೇಜಿನ ಬಾಗಲು ಮಾತ್ರವೇ, ಪರಲೋಕದ ಬಾಗಲಲ್ಲ.’

ಮೇಜು ಎಂದರೆ ಕರ್ತನ ಭೋಜನದ ಮೇಜು. ವರ್ಷಕ್ಕೆ ನಾಲ್ಕು ಸಲ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಅದರ ಹಿಂದಿನ ಶನಿವಾರ ಓಣಿಯ ಹಿರಿಯರು ಚೀಲ ಹಿಡಿದು ಮನೆಮನೆಗೆ ಹೋಗಿ, ಹೊಸ್ತಿಲ ಹೊರಗೇ ನಿಂತು ಕೇಳಬೇಕು: “ಎಲ್ಲಾರ ಜೋಡಿ ಸಮಾಧಾನ ಐತೇನ್ರಿ?” “ಐತ್ರಿ” ಎಂದವರ ಕೈಗೆ ಒಂದು ಹಿತ್ತಾಳೆಯ ಬಿಲ್ಲೆ. ಭಾನುವಾರ ಅದನ್ನು ತಟ್ಟೆಗೆ ಹಾಕಿ ಮೇಜಿಗೆ ಬರಬೇಕು. ಯಾರೊಡನೆಯೋ ಜಗಳವಿದ್ದವರು, ಸಭೆಯ ತಡೆಗೆ ಒಳಗಾದವರು ಬಿಲ್ಲೆಯಿಲ್ಲದೆ ಬೆಂಚಿನಲ್ಲೇ ಕುಳಿತಿರಬೇಕು. ಬೇರೆ ಚರ್ಚುಗಳಲ್ಲಿ ಹೀಗಿಲ್ಲ. ನಾವು ಮಾತ್ರ ಇದನ್ನು ಬಿಡದೆ ಹಿಡಿದುಕೊಂಡಿದ್ದೇವೆ. ರಿಟೈರ್ ಆದ ವರ್ಷ ನನ್ನನ್ನು ಹಿರಿಯಳನ್ನಾಗಿ ಆರಿಸಿದರು. ಆ ಬೆಂಚಿನ ಮೇಲೆ ಕುಳಿತ ಮೊದಲ ಹೆಂಗಸು ನಾನು. ನಮ್ಮ ಓಣಿಯ ಚೀಲ ನನ್ನ ಹೆಗಲಿಗೆ ಬಂತು. ಖರೆ ಹೇಳಬೇಕೆಂದರೆ ನನಗೆ ಹೆಮ್ಮೆಯಿತ್ತು.

ಮೂರು ವರ್ಷದ ಹಿಂದೆ ಗದಿಗೆವ್ವ ಸತ್ತಳು. ಶಿರಹಟ್ಟಿ ಕಡೆಯವಳು, ವಿಧವೆ, ನಮ್ಮ ಚರ್ಚಿನ ಕಸ ಹೊಡೆಯುತ್ತಿದ್ದಳು. ಕಸ ಹೊಡೆದು ಮನೆಗೆ ಹೋಗದೆ ಹಿಂದಿನ ಬೆಂಚಿನಲ್ಲಿ ಕುಳಿತು ಪ್ರತಿ ಭಾನುವಾರ ಆರಾಧನೆ ಕೇಳುತ್ತಿದ್ದಳು. ದೀಕ್ಷಾಸ್ನಾನ ಮಾತ್ರ ತೆಗೆದುಕೊಂಡಿರಲಿಲ್ಲ. “ಮಕ್ಕಳು ಮನಿಗೆ ಸೇರಸೂದಿಲ್ರಿ ಅಕ್ಕಾರ” ಎನ್ನುತ್ತಿದ್ದಳು. ಮಕ್ಕಳು ಅವಳನ್ನು ತಮ್ಮೂರಿಗೆ ಒಯ್ಯುವಾಗ ಟೆಂಪೋ ನಮ್ಮ ಚರ್ಚಿನ ಮುಂದೆ ಹಾದುಹೋಯಿತು. ಆಗ ನಮ್ಮವರು ಒಳಗೆ ಹೋಗಿ ಸಾವಿನ ಗಂಟೆ ಬಾರಿಸಿಬಿಟ್ಟರು. ಒಂದೊಂದೇ ಪೆಟ್ಟು, ನಡುವೆ ಬಿಡುವು ಬಿಟ್ಟು ಬಾರಿಸುವ ಗಂಟೆ. ಅದು ಭೋಜನಕ್ಕೆ ಸೇರುವ ಸಭಿಕರಿಗೆ ಮಾತ್ರ ಸಲ್ಲುವಂಥದ್ದು.

ಹಿರಿಯರ ಕೂಟ ಅವರನ್ನು ಕರೆಸಿತು. ನನ್ನನ್ನು ಹೊರಗೆ ಕೂಡಿಸಿದರು, ಹೆಂಡತಿ ಎಂದು. “ಗಂಟಿ ಸಭಾದ್ದು, ನಿಂದಲ್ಲ. ಮಂದಿ ಮುಂದ ತಪ್ಪಾತು ಅನ್ನು, ಮುಗೀತು” ಎಂದು ದಾವೀದಪ್ಪ ಹೇಳಿದರಂತೆ. ಇವರು, “ಆಕಿ ದೇವರ ಮನಿಗೆ ಹೊಂಟಿದ್ಲು. ನಾ ಖಬರ ಕೊಟ್ಟೀನಿ ಅಷ್ಟ. ಅದರಾಗ ತಪ್ಪೇನೈತಿ?” ಎಂದು ಎದ್ದು ಬಂದರು. ಅಂದಿನಿಂದ ಅವರಿಗೆ ಬಿಲ್ಲೆ ಇಲ್ಲ. ಒಂದು ಮಾತು ಅಂದುಬಿಡಿ, ಅಂದರೆ ಏನು ಹೋಗುತ್ತದೆ ಎಂದು ನಾನೂ ಬಹಳ ಹೇಳಿದೆ. “ಮಾತು ಆಡಿದರ ಹೋತು, ಮುತ್ತು ಒಡದರ ಹೋತು” ಎಂದು ಗಾದೆ ಹೇಳಿ ಬಾಯಿ ಮುಚ್ಚಿಸಿದರು.

ಚೀಲ ಹೊತ್ತು ಓಣಿಯೆಲ್ಲ ತಿರುಗಿದ ಮೇಲೆ ಕಡೆಯ ಮನೆ ನಮ್ಮದೇ. ನಿಯಮ ನಿಯಮವೇ. ನಾನು ನನ್ನ ಹೊಸ್ತಿಲ ಹೊರಗೆ ನಿಂತು ಗಂಡನನ್ನು ಕೇಳುತ್ತಿದ್ದೆ, “ಎಲ್ಲಾರ ಜೋಡಿ ಸಮಾಧಾನ ಐತೇನ್ರಿ?” ಅವರು ಕುರ್ಚಿಯಿಂದ ಏಳದೆ ಕೈ ಚಾಚುತ್ತಿದ್ದರು. “ಸಮಾಧಾನ ಐತಿ. ಬಿಲ್ಲಿ ತಂದೀಯೇನ?” “ನಿಮಗ್ಯಾಕ್ರಿ ಬಿಲ್ಲಿ?” “ಖರೆ. ನನಗ್ಯಾಕ? ಮೇಜಿನ ಬಾಗಲಾ ಅಷ್ಟ” ಎಂದು ಹಲ್ಲು ಬಿಟ್ಟು ನಕ್ಕು, ಎದ್ದು ಹೋಗಿ ಚಹಾಕ್ಕಿಡುತ್ತಿದ್ದರು. ಪ್ರತಿ ಸಲವೂ ಇದೇ ಮಾತು, ಇದೇ ನಗು. ಅವರ ಬಿಲ್ಲೆ ಚೀಲದಲ್ಲೇ ಉಳಿದು, ಚೀಲದ ಜೊತೆ ತಿರುಗಿ ಹೋಗುತ್ತಿತ್ತು.

ಒಮ್ಮೆ ನಾನು ಹೆದರಿಸಿದೆ. ನನ್ನ ಅರ್ಧದಲ್ಲಿ ಒಂದು ಕಟ್ಟಳೆಯಿದೆ: ‘ತಡೆಯಲ್ಪಟ್ಟವನು ತಾನಾಗಿ ಬಿಲ್ಲೆಯನ್ನು ಕೇಳಿದರೆ ಆ ಕೇಳಿಕೆಯನ್ನೇ ಪಶ್ಚಾತ್ತಾಪವೆಂದು ಎಣಿಸತಕ್ಕದ್ದು.’ “ನೋಡ್ರಿ, ನೀವು ಕೇಳೀರಿ. ಕೂಟಕ್ಕ ಹೇಳ್ಲೇನು?” ಎಂದೆ. “ನಗತಾ ಕೇಳಿದ್ದು ಲೆಕ್ಕಕ್ಕಿಲ್ಲ ಬಿಡು” ಎಂದರು.

ಮೇ ತಿಂಗಳಲ್ಲಿ ಹೃದಯ ಸೋತಿತು. ಹುಬ್ಬಳ್ಳಿಯ ಡಾಕ್ಟರು ನೋಡಿ, ಮನೆಯಲ್ಲೇ ಇರಲಿ ಎಂದು ಗುಳಿಗೆ ಬರೆದು ಕಳಿಸಿದರು. ಭೋಜನದ ಭಾನುವಾರ ಬೆಳಿಗ್ಗೆ ಹೋದರು. ಸ್ಮಶಾನದಲ್ಲಿ ಜಾಗ ಕೊಟ್ಟರು, ಪಾಸ್ಟರು ಬಂದು ಪ್ರಾರ್ಥನೆ ಮಾಡಿದರು, ಯಾರೂ ಏನೂ ಕಡಿಮೆ ಮಾಡಲಿಲ್ಲ. ಗಂಟೆ ಮಾತ್ರ ಬಾರಿಸಲಿಲ್ಲ. ಅವರ ಉಸಿರು ನಿಲ್ಲುವ ಹೊತ್ತಿಗೆ ಆರಾಧನೆಯ ಗಂಟೆ ಬಾರಿಸುತ್ತಿತ್ತು. ಅಂಬವ್ವ ಅದನ್ನೇ ಅವರ ಗಂಟೆ ಎಂದು ತಿಳಿದಿದ್ದಾಳೆ. “ಎಷ್ಟ ಛಲೋ ಬಾರ್ಸಿದ್ರು ಅಕ್ಕಾ, ಮಾಸ್ತರಿಗೆ” ಎನ್ನುತ್ತಾಳೆ. ನಾನು ತಿದ್ದಿಲ್ಲ.

ನಿನ್ನೆ ದಾವೀದಪ್ಪ ಬಂದು ಪಡಸಾಲೆಯಲ್ಲಿ ಕೂತರು. ಕೈಯಲ್ಲಿ ಬಿಲ್ಲೆಯ ಚೀಲವಿತ್ತು; ನಡುವಿನ ಭೋಜನಕ್ಕೆ ನಮ್ಮ ಓಣಿಗೂ ಅವರೇ ತಿರುಗಿದ್ದರು. ಈ ಭಾನುವಾರ ಕೃತಜ್ಞತೆಯ ಹಬ್ಬದ ಭೋಜನ.

“ಅಕ್ಕಾರ, ಕೆಂಪು ಪುಸ್ತಕ ಅಚ್ಚ ಹಾಕಸೂಣು ಅಂತ ಕೂಟ ಮಾಡೀವಿ. ಆನಂದ ಬರದದ್ದು ಐತೆಲ್ಲ, ಅದನ್ನ ಕೊಡ್ರಿ. ಅವನ ಹೆಸರು ಹಾಕತೀವಿ.”

“ತಡದವರ ಹೆಸರು ಹಾಕಾಕ ಬರತೈತೇನ್ರಿ?” ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. “ಅದಕ್ಕ ಬಂದೀನಿ. ನನ್ನ ಹೊಟ್ಟ್ಯಾಗೂ ಸಂಕಟ ಐತ್ರಿ. ಒಂದ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಬೆಳದವರು ನಾವು. ಕಡೀಕ ಅವ ಏನರ ಅಂದ್ನೇನು? ತಪ್ಪಾತು ಅಂತ ಅನ್ನೂದು ಬ್ಯಾಡ. ಬಿಲ್ಲಿ ಬೇಕು ಅಂತ ಒಂದ ಮಾತು ಕೇಳಿದ್ದರ ಸಾಕು. ಕಟ್ಟಳಿ ನಿಮಗ ಗೊತ್ತೈತಿ. ಭಾನುವಾರ ಎದ್ದು ನೀವು ಹೌದು ಅನ್ರಿ, ನಾವು ನಂಬತೀವಿ. ಆರಾಧನಿ ಮುಗದ ಮ್ಯಾಲ ಗಂಟಿ ನಾನ ಬಾರಸ್ತೀನಿ. ಅವ ತನ್ನ ಕೈಯಿಂದ ಹೊಸೆದ ಹಗ್ಗ ಐತಿ.”

ಕೆಟ್ಟ ಮನುಷ್ಯನಲ್ಲ ಅನೂ. ಬೈಯಬೇಕೆಂದುಕೊಂಡರೂ ಬೈಗುಳ ನಾಲಿಗೆಗೆ ಬರಲಿಲ್ಲ. ವಿಚಾರ ಮಾಡುತ್ತೇನೆ ಎಂದೆ. ಚೀಲ ಇಟ್ಟು ಹೋದರು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ, ಅದರ ಯಾವತ್ತಿನ ಜಾಗಕ್ಕೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಹೌದು ಎಂದರೆ ನಮ್ಮವರಿಗೆ ಗಂಟೆ ಸಿಗುತ್ತದೆ, ಹೆಸರು ಸಿಗುತ್ತದೆ. ಇಲ್ಲ ಎಂದರೆ ಅವರ ಮಾತು ಉಳಿಯುತ್ತದೆ. ಎರಡನ್ನೂ ಮನಸ್ಸಿನಲ್ಲಿ ಇಟ್ಟು ನೋಡಿದೆ, ಯಾವುದೂ ಏನೂ ಅನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ, ಹಾಗಿದೆ.

ಅಂಬವ್ವ ಹೋಳಿಗೆಯ ಕಣಕ ನೋಡಲು ಕರೆಯುತ್ತಿದ್ದಾಳೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಭಾನುವಾರ, ೧೩ ಅಕ್ಟೋಬರ್, ಮಧ್ಯಾಹ್ನ

ಮುಗಿಸಿ ಬಂದೆ, ಅನೂ. ಕ್ರಮವಾಗಿ ಹೇಳುತ್ತೇನೆ.

ನಿನ್ನೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ನಿಮ್ಮ ಹಬ್ಬವೂ ನಿನ್ನೆಯೇ ಇತ್ತಲ್ಲ. ಓಣಿಯ ತುಂಬ ಹೊಸ ಬಟ್ಟೆ, ಬನ್ನಿ ಹಿಡಿದ ಕೈಗಳು. ನಾನು ಒಂದು ಹೊಸ್ತಿಲಲ್ಲಿ ನಿಂತು “ಎಲ್ಲಾರ ಜೋಡಿ ಸಮಾಧಾನ ಐತೇನ್ರಿ?” ಎನ್ನುವುದು, ಅಷ್ಟರಲ್ಲಿ ಪಕ್ಕದ ಮನೆಯವರು ಬಂದು “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ” ಎಂದು ಕೈಗೆ ನಾಲ್ಕು ಎಲೆ ಇಡುವುದು. ಅವರು ಏನನ್ನೂ ಕೇಳುವುದಿಲ್ಲ. ಹೋದ ವರ್ಷ ನಲ್ಲಿಯ ಪಾಳಿಗೆ ನನ್ನೊಡನೆ ಜಗಳವಾಡಿ ಮಾತು ಬಿಟ್ಟಿದ್ದ ಫಕ್ಕೀರವ್ವನೂ ಬಂದು ಕೊಟ್ಟಳು. ಚೀಲದಲ್ಲಿ ಬಿಲ್ಲೆ ಕಡಿಮೆಯಾದಂತೆ ಬನ್ನಿ ಎಲೆ ಹೆಚ್ಚಾಯಿತು. ನಮ್ಮವರಿದ್ದರೆ ಅದನ್ನು ನೋಡಿ ಏನಾದರೊಂದು ಅಂದು ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿದೆ. ಅದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಕಡೆಯ ಮನೆ ನಮ್ಮದು. ಬೀಗ ಹಾಕಿತ್ತು. ರೂಢಿಯ ಮೇಲೆ ಹೊಸ್ತಿಲ ಹೊರಗೆ ನಿಂತೆ. ಬಾಯಿ ತೆರೆದಿದ್ದೆ ಕೂಡ. ಆಮೇಲೆ ಕೀಲಿ ತೆಗೆದು ಒಳಗೆ ಹೋದೆ. ಚೀಲದಲ್ಲಿ ಎರಡು ಬಿಲ್ಲೆ ಉಳಿದಿದ್ದವು, ನನ್ನದೊಂದು, ಅವರದೊಂದು. ಸಭೆಯವರು ಅವರ ಬಿಲ್ಲೆಯನ್ನು ಇನ್ನೂ ತೆಗೆದಿರಲಿಲ್ಲ.

ಇವತ್ತು ಆರಾಧನೆಯ ನಡುವೆ ದಾವೀದಪ್ಪ ಎದ್ದು ನಿಂತರು. ಮೈಮೇಲೆ ಮಗಳ ಮದುವೆಗೆ ಹೊಲಿಸಿದ ಕೋಟು. “ನಮ್ಮ ಆನಂದ ಮಾಸ್ತರ ಬಗ್ಗೆ ಸುಗುಣಕ್ಕಾರು ಎರಡು ಮಾತು ಹೇಳ್ತಾರ” ಎಂದು ಕುಳಿತರು. ಗಂಟೆಯ ಹಗ್ಗವನ್ನು ಆಗಲೇ ಗೂಟದಿಂದ ಬಿಚ್ಚಿ ಇಳಿಬಿಟ್ಟಿದ್ದರು. ನಾನು ಹೌದು ಎನ್ನುತ್ತೇನೆಂದು ಅವರಿಗೆ ನಂಬಿಕೆಯಿತ್ತು.

ಎದ್ದೆ. ಹೆಡ್‌ಮೇಡಂನ ದನಿ ತಾನೇ ಬಂತು. “ಹಿರಿಯರು ಕೇಳಿದ್ದಾರೆ, ಹೇಳುತ್ತೇನೆ. ಅವರು ಕಡೆಯವರೆಗೂ ತಪ್ಪಾಯಿತು ಎನ್ನಲಿಲ್ಲ. ಬಿಲ್ಲೆಯನ್ನೂ ಕೇಳಲಿಲ್ಲ.” ಅಷ್ಟೇ ಹೇಳಿ ಕುಳಿತೆ.

ಪಾಸ್ಟರು ದಾವೀದಪ್ಪನವರ ಮುಖ ನೋಡಿದರು, ದಾವೀದಪ್ಪ ನೆಲ ನೋಡಿದರು. ಆಮೇಲೆ ಎಲ್ಲರೂ ಎದ್ದು ಹಾಡಿದರು. ಸಾಲುಸಾಲಾಗಿ ಬಿಲ್ಲೆ ತಟ್ಟೆಗೆ ಬೀಳುವ ಸಪ್ಪಳ ಕೇಳುತ್ತಿತ್ತು. ನಾನು ಏಳಲಿಲ್ಲ. ಬಿಲ್ಲೆ ತಪ್ಪಿದಂದಿನಿಂದ ಅವರು ಕುಳಿತಿದ್ದ ಜಾಗದಲ್ಲಿ, ಕಿಟಕಿಯ ಪಕ್ಕ, ಸುಮ್ಮನೆ ಕುಳಿತೆ. ಅಲ್ಲಿಂದ ಮೇಜು ಕಾಣುವುದೇ ಇಲ್ಲ, ನಡುವೆ ಕಂಬ ಬರುತ್ತದೆ. ಅದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಹುಡುಗರು ಸುತ್ತುಗಟ್ಟಿದರು. “ಮಾಸ್ತರು ಭಾಳ ಗಟ್ಟಿ ಇದ್ರು ಬಿಡ್ರಿ ಮೇಡಂ. ಕಡೀತನಾ ಬಗ್ಗಲಿಲ್ಲ” ಎಂದನೊಬ್ಬ. ನಾನು ಮೇಜಿಗೆ ಹೋಗದೆ ಕುಳಿತದ್ದನ್ನು ಹಿರಿಯರ ವಿರುದ್ಧದ ಪ್ರತಿಭಟನೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ದಾವೀದಪ್ಪನವರ ಕೈಗೆ ಚೀಲ ಕೊಟ್ಟೆ, ಎರಡು ಬಿಲ್ಲೆಯ ಸಮೇತ. “ಇನ್ನ ಬ್ಯಾರೇದವರು ಒಯ್ಯಲಿ” ಎಂದೆ. ನಮ್ಮವರು ಬರೆದ ಹಾಳೆಗಳನ್ನೂ ಕೊಟ್ಟೆ. ಹೆಸರು ಹಾಕದಿದ್ದರೆ ಬೇಡ, ಅಚ್ಚಾಗಲಿ. ಅವರು ಚೀಲ ಹಿಡಿದು ನಿಂತೇ ಇದ್ದರು. “ಖರೇನ ಕೇಳಲಿಲ್ಲೇನ್ರಿ ಅವ?” ಎಂದು ಮತ್ತೊಮ್ಮೆ ಕೇಳಿದರು. ಸಭೆಯ ಹಿರಿಯನಾಗಿ ಕೇಳಿದ್ದಲ್ಲ ಅದು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಒಳಗೆ ಹೋಗಿ ಹಗ್ಗವನ್ನು ಸುತ್ತಿ ಗೂಟಕ್ಕೆ ಕಟ್ಟಿದರು.

ಮನೆಗೆ ಬಂದು ಅಂಬವ್ವ ಕೊಟ್ಟ ಹೋಳಿಗೆ ತಿಂದೆ. ಸಿಹಿಯೋ ಸಪ್ಪೆಯೋ ಗೊತ್ತಾಗಲಿಲ್ಲ. ಹೊಟ್ಟೆ ತುಂಬಿತು.

ನೀನು ಮೆಟ್ಟಿಲು ಹತ್ತಬೇಡ, ಮತ್ತೆ ಹೇಳುತ್ತೇನೆ. ನಡೆಯಲು ಬಂದ ಮೇಲೆ ಬಸ್ಸು ಹತ್ತಿಸಿ ಕರೆದುಕೊಂಡು ಬರಲು ನಿನ್ನ ಸೊಸೆ ಕಾಂಚನಾಗೆ ಹೇಳು. ನಾಲ್ಕು ದಿನ ಇದ್ದು ಹೋಗುವಿಯಂತೆ, ಎರಡು ಮಂಚ ಹೇಗೂ ಇವೆ. ಅವಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಯಜಮಾನರಿಗೆ ನಮಸ್ಕಾರ. ಈ ಪತ್ರದಲ್ಲಿ ನಿನ್ನೆಯ ಎರಡು ಬನ್ನಿ ಎಲೆ ಇಟ್ಟಿದ್ದೇನೆ. ನಿಮ್ಮ ಮನೆಯ ಹೊಸ್ತಿಲಿನ ಒಳಗೂ ಹೊರಗೂ ದೇವರ ಸಮಾಧಾನವಿರಲಿ.

ಇಂತು ನಿನ್ನ,
ಸುಗುಣಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಅಂಚು ಹರಿದಿದೆ, ಸೈರಿಸಿಕೋ.

ಅವರು ಕೇಳಿದ್ದರು, ಅನೂ. ಅವರು ಹೋಗುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಓಣಿ ತಿರುಗಿ ಬಂದು ಚೀಲವನ್ನು ಮೊಳೆಗೆ ಹಾಕಿದ್ದೆ. ಅವರು ಮಂಚದ ಮೇಲಿದ್ದರು. ಗುಳಿಗೆಯ ಹೊತ್ತಾಗಿತ್ತು, ಅವರಿಗೆ ಬೆನ್ನು ಹಾಕಿ ನಿಂತು ಗುಳಿಗೆ ಬಿಡಿಸುತ್ತಿದ್ದೆ. ಹಿಂದಿನಿಂದ “ಬಿಲ್ಲಿ ತಂದೀಯೇನ?” ಎಂದರು. ಯಾವತ್ತಿನ ಹಾಗೆ “ನಿಮಗ್ಯಾಕ್ರಿ ಬಿಲ್ಲಿ?” ಎಂದೆ. ಮೇಜಿನ ಬಾಗಲಾ ಅಷ್ಟ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ತಿರುಗಿ ನೋಡಿದರೆ ಕೈ ಚಾಚಿಯೇ ಇದ್ದರು. ನಗುತ್ತಿರಲಿಲ್ಲ. ನಗಲು ಉಸಿರು ಸಾಲದೇನೋ ಎಂದುಕೊಂಡೆ.

ಇವತ್ತು ಎದ್ದು ನಿಂತು ಅದನ್ನು ಹೇಳಿದ್ದರೆ ಗಂಟೆ ಬಾರಿಸುತ್ತಿದ್ದರು. ಆದರೆ ಕೇಳಿದ್ದರೆ ನೀವ್ಯಾಕೆ ಕೊಡಲಿಲ್ಲ ಎಂದು ಒಬ್ಬರಾದರೂ ಕೇಳುತ್ತಿದ್ದರು. ಚೀಲ ಅಲ್ಲೇ ಇತ್ತು, ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಬಿಲ್ಲೆ ಅದರಲ್ಲಿತ್ತು.

ನಾನು ಆ ಕೈಯಲ್ಲಿ ಗುಳಿಗೆ ಇಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು.